ಕಾಲು ಸೋತಾಗ ಉಸಿರನ್ನೂ ವಿಚಾರಿಸಿರಿ

ನಮ್ಮ ಕೊಂಡಾಪುರದಲ್ಲಿ ಮೆಟ್ಟಿಲು ಹತ್ತುವವರು ಕಡಿಮೆ. ಎಂಟನೆಯ ಅಂತಸ್ತಿಗೂ ಲಿಫ್ಟು, ಎರಡನೆಯದಕ್ಕೂ ಲಿಫ್ಟು. ನೀರು ಸೇದುವ ಬಾವಿಯಿಲ್ಲ, ರುಬ್ಬುವ ಕಲ್ಲಿಲ್ಲ, ಕುಕ್ಕರಗಾಲಿನಲ್ಲಿ ಕೂತು ಏಳುವ ಪ್ರಸಂಗವಿಲ್ಲ. ಸೌಖ್ಯವೇನೋ ಸರಿ, ಆದರೆ ತೊಡೆ ತೋಳುಗಳ ಬಲ ಮೆಲ್ಲಗೆ ಇಳಿಯುತ್ತಿದ್ದರೆ ಅದು ನಮಗೆ ಬೇಗ ಗೊತ್ತಾಗುವುದಿಲ್ಲ. ಮೊಮ್ಮಗುವನ್ನು ನೋಡಿಕೊಳ್ಳಲು ಊರಿನಿಂದ ಬಂದ ತಾಯಿ ಸೋಫಾದಿಂದ ಏಳುವಾಗ ಕೈಯೂರಿದರೆ “ವಯಸ್ಸಾಯಿತು” ಎನ್ನುತ್ತೇವೆ. ಏದುಸಿರು ಬಿಟ್ಟರೆ “ಈ ಊರಿನ ಧೂಳು” ಎನ್ನುತ್ತೇವೆ. ಬಹುಮಟ್ಟಿಗೆ ಅದು ನಿಜವೇ. ಆದರೂ ಇವೆರಡು ಒಂದೇ ರೋಗದ ಎರಡು ಮುಖಗಳಾಗಿರುವುದು ಅಪರೂಪಕ್ಕೆ ಉಂಟು. ಆ ರೋಗದ ವಿಚಾರವನ್ನು ಈ ಸಲ ವಾಚಕರ ಮುಂದಿಡುತ್ತೇನೆ. ನಾನು ವೈದ್ಯನಲ್ಲ, ಸರಕಾರಿ ಕಚೇರಿಯ ಗುಮಾಸ್ತ. ಓದಿ ತಿಳಿದುದನ್ನು ಮನೆಮಾತಿನಲ್ಲಿ ಹೇಳುವುದಷ್ಟೇ ನನ್ನ ಕೆಲಸ.

2016ರಲ್ಲಿ ಬಂದ ‘ದಂಗಲ್’ ಚಿತ್ರದಲ್ಲಿ ಬಾಲಕಿ ಬಬಿತಾಳ ಪಾತ್ರ ವಹಿಸಿದ್ದ ಸುಹಾನಿ ಭಟ್ನಾಗರ್ ಅನೇಕರಿಗೆ ನೆನಪಿರಬಹುದು. ಆಕೆ 2024ರ ಫೆಬ್ರವರಿ 16ರಂದು ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ ತೀರಿಕೊಂಡಾಗ ವಯಸ್ಸು ಕೇವಲ 19. ರೋಗದ ಹೆಸರು ಡರ್ಮಟೊಮಯೋಸೈಟಿಸ್, ಅಂದರೆ ಚರ್ಮ ಮತ್ತು ಸ್ನಾಯುಗಳ ಉರಿಯೂತ. ಮೊದಲು ಕೈ ಬಾತುಕೊಂಡಿತು, ಕೊನೆಗೆ ಶ್ವಾಸಕೋಶ ಕೆಟ್ಟಿತು ಎಂದು ಮನೆಯವರು ಪತ್ರಿಕೆಗಳಿಗೆ ತಿಳಿಸಿದರು. ಕೈಯಲ್ಲಿ ಕಂಡ ರೋಗಕ್ಕೂ ಎದೆಗೂ ಏನು ಸಂಬಂಧವೆಂದು ಯಾರಿಗಾದರೂ ಅನಿಸುವುದು ಸಹಜ.

ಸಂಬಂಧವಿದೆ. ನಮ್ಮನ್ನು ರೋಗಾಣುಗಳಿಂದ ಕಾಯುವುದು ಬಿಳಿಯ ರಕ್ತಕಣಗಳ ಕೆಲಸ. ಅವುಗಳಲ್ಲಿ ಟಿ ಕಣಗಳೆಂಬುವು ಶತ್ರುವನ್ನು ಹಿಡಿದು ಬಡಿಯುತ್ತವೆ. ಬಿ ಕಣಗಳಿಂದ ಹುಟ್ಟುವ ಪ್ರತಿಕಾಯಗಳು ಶತ್ರುವಿಗೆ ಗುರುತು ಹಚ್ಚುತ್ತವೆ. ಅಪಾರ್ಟ್‌ಮೆಂಟಿನ ಕಾವಲುಗಾರ ಮನೆಯವರನ್ನೇ ಕಳ್ಳರೆಂದು ಬಗೆದು ಬಡಿದಂತೆ, ಈ ರೋಗದಲ್ಲಿ ಅವು ಸ್ವಂತ ದೇಹದ ಮೇಲೆಯೇ ತಿರುಗಿಬೀಳುತ್ತವೆ. ಕೆಲವರಲ್ಲಿ ಕಂಡುಬರುವ ‘ಜೋ-1’ ಎಂಬ ಪ್ರತಿಕಾಯವು ಪ್ರತಿಯೊಂದು ಜೀವಕೋಶದಲ್ಲೂ ಪ್ರೋಟೀನು ಕಟ್ಟಲು ನೆರವಾಗುವ ಒಂದು ಕಿಣ್ವದ ವಿರುದ್ಧ ಹುಟ್ಟಿದ್ದು. ಅಂದಮೇಲೆ ಜಗಳ ಸ್ನಾಯುವಿನಲ್ಲೇ ನಿಲ್ಲಬೇಕೆಂಬ ನಿಯಮವೇನಿಲ್ಲ.

ಶ್ವಾಸಕೋಶಕ್ಕೆ ಕೇಡು ಬರುವ ದಾರಿಗಳು ನಾಲ್ಕು. ಮೊದಲನೆಯದು: ಗಾಳಿಯ ಪುಟ್ಟ ಚೀಲಗಳ ನಡುವಿನ ತೆಳುಗೋಡೆಗಳಲ್ಲಿ ಈ ರಕ್ತಕಣಗಳು ನೆರೆದು, ಗೋಡೆ ದಪ್ಪವಾಗಿ, ಕಡೆಗೆ ಗಾಯ ಮಾಗಿದ ಕಲೆಯಂತೆ ಗಡುಸಾಗುವುದು. ಆಗ ಗಾಳಿಯಲ್ಲಿರುವ ಆಮ್ಲಜನಕ ರಕ್ತಕ್ಕೆ ದಾಟುವುದು ಕಷ್ಟವಾಗುತ್ತದೆ. ಎರಡನೆಯದು: ಉಸಿರಾಡಿಸುವ ಸ್ನಾಯುಗಳೇ ಸೋಲುವುದು. ಮೂರನೆಯದು: ಗಂಟಲಿನ ಸ್ನಾಯು ಸೋತು, ನುಂಗಿದ ಅನ್ನನೀರು ದಾರಿ ತಪ್ಪಿ ಶ್ವಾಸನಾಳಕ್ಕೆ ಇಳಿಯುವುದು. ನಾಲ್ಕನೆಯದು: ಜಗಳವನ್ನು ಅಡಗಿಸಲು ಕೊಟ್ಟ ಔಷಧದಿಂದ ಕಾವಲೂ ದುರ್ಬಲವಾಗಿ, ಹೊರಗಿನ ಸೋಂಕು ಒಳನುಗ್ಗುವುದು.

ಇನ್ನೊಂದು ವಿಚಿತ್ರವೂ ಉಂಟು. 2005ರಲ್ಲಿ ಜಪಾನಿನ ವೈದ್ಯರು ಗುರುತಿಸಿದ, ಈಗ ‘ಎಂಡಿಎ-5’ ಎಂದು ಕರೆಯುವ ಪ್ರತಿಕಾಯ ಇರುವವರಲ್ಲಿ ಸ್ನಾಯುವಿನ ನಿಶ್ಶಕ್ತಿ ಅಷ್ಟಾಗಿ ಕಾಣದೆಯೂ ಇರಬಹುದು. ಚರ್ಮದ ಮೇಲೆ ಗುಳ್ಳೆ, ಹುಣ್ಣು, ಅಷ್ಟೇ. ಆದರೆ ಶ್ವಾಸಕೋಶ ಕೆಲವೇ ವಾರಗಳಲ್ಲಿ ಕೆಟ್ಟುಹೋಗುವ ಭಯ ಇಂಥವರಲ್ಲೇ ಹೆಚ್ಚು. ಮತ್ತೆ ಕೆಲವರಿಗೆ ಒಣಕೆಮ್ಮು ಮೊದಲು, ಕೈಕಾಲಿನ ಸೋಲು ಎಷ್ಟೋ ತಿಂಗಳ ಮೇಲೆ.

ಹಾಗಾದರೆ ಮನೆಯಲ್ಲಿ ನಾವು ಗಮನಿಸಬೇಕಾದದ್ದೇನು? ತಲೆ ಬಾಚಲು, ಅಟ್ಟದ ಡಬ್ಬಿ ಇಳಿಸಲು ತೋಳು ಮೇಲೇಳದಿರುವುದು, ತೊಡೆಯಲ್ಲಿ ನೋವಿಲ್ಲದಿದ್ದರೂ ಬಲವಿಲ್ಲದಿರುವುದು, ಕಣ್ಣಿನ ರೆಪ್ಪೆಯ ಮೇಲೆ ನೇರಳೆ ಛಾಯೆ, ಬೆರಳಿನ ಗೆಣ್ಣುಗಳ ಮೇಲೆ ಕೆಂಪು ಗಂಟು, ಬೆರಳಿನ ಅಂಚು ಮೆಕ್ಯಾನಿಕ್ಕನ ಕೈಯಂತೆ ಒಡೆಯುವುದು, ನುಂಗುವಾಗ ಕೆಮ್ಮು, ಹಾಗೂ ಕಾರಣವಿಲ್ಲದ ಏದುಸಿರು. ಇವುಗಳಲ್ಲಿ ಎರಡು ಮೂರು ಕೂಡಿ ಬಂದರೆ ತಡಮಾಡಬಾರದು. ಚರ್ಮಕ್ಕೊಬ್ಬ ವೈದ್ಯರು, ಕೆಮ್ಮಿಗೊಬ್ಬರು, ಕಾಲುನೋವಿಗೊಬ್ಬರು ಎಂದು ಹಂಚಿಕೊಂಡು ಹೋಗದೆ, ಎಲ್ಲವನ್ನೂ ಒಬ್ಬರೇ ವೈದ್ಯರ ಮುಂದೆ ಹೇಳಿರಿ. ಮೂರು ಕಡತಗಳಲ್ಲಿ ಚದರಿಹೋದ ಪ್ರಕರಣ ಇತ್ಯರ್ಥವಾಗದೆಂಬುದು ನಮ್ಮ ಕಚೇರಿಯ ಅನುಭವ.

ಪರೀಕ್ಷೆಗಳೂ ಇವೆ. ರಕ್ತದ ಸಿ.ಪಿ.ಕೆ. ಎಂಬುದು ಸ್ನಾಯು ಜಖಂಗೊಂಡಾಗ ಏರುತ್ತದೆ. ಯಕೃತ್ತಿನ ಪರೀಕ್ಷೆಯೆಂದು ಹೆಸರಾದ ಎಸ್.ಜಿ.ಒ.ಟಿ., ಎಸ್.ಜಿ.ಪಿ.ಟಿ.ಗಳೂ ಆಗ ಏರುವುದರಿಂದ ಕಾಮಾಲೆಯ ಶಂಕೆ ಹುಟ್ಟುವುದುಂಟು. ರೋಗ ಸ್ನಾಯುವಿನದೆಂದು ನಿಶ್ಚಯವಾದ ಕೂಡಲೆ, ಕೆಮ್ಮು ಇಲ್ಲದಿದ್ದರೂ, ಶ್ವಾಸಕೋಶವನ್ನೂ ನೋಡಬೇಕಲ್ಲವೇ ಎಂದು ವೈದ್ಯರನ್ನು ಕೇಳಿರಿ. ಆರಂಭದಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು, ಎದೆಯ ಸಿ.ಟಿ. ಸ್ಕ್ಯಾನೂ, ಊದಿಸಿ ಉಸಿರಳೆಯುವ ಪರೀಕ್ಷೆಯೂ ಬೇಕಾಗುತ್ತವೆ. ಇಂಥ ರೋಗಗಳನ್ನು ನೋಡುವ ಸಂಧಿವಾತ ವಿಭಾಗ ನಮ್ಮ ಪಂಜಗುಟ್ಟದ ನಿಮ್ಸ್ ಆಸ್ಪತ್ರೆಯಲ್ಲಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ಆಸ್ಪತ್ರೆಯಲ್ಲೂ ಇದೆ.

ಚಿಕಿತ್ಸೆ ಸ್ಟೀರಾಯ್ಡಿನಿಂದ ಮೊದಲಾಗುತ್ತದೆ. ಜೊತೆಗೆ ರಕ್ತಕಣಗಳ ಉಪಟಳ ತಗ್ಗಿಸುವ ಬೇರೆ ಮದ್ದುಗಳು. ಮುಖ ಊದಿತು, ಸಕ್ಕರೆ ಏರಿತು ಎಂದು ಸ್ಟೀರಾಯ್ಡನ್ನು ತಾವಾಗಿ ನಿಲ್ಲಿಸುವುದು ಬಲು ಅಪಾಯ. ಆ ಕಾಲದಲ್ಲಿ ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಆಶೆಯ ಸುದ್ದಿಯೂ ಇಲ್ಲದಿಲ್ಲ: ಬೇರೆ ಮದ್ದುಗಳಿಗೆ ಬಗ್ಗದ ಒಬ್ಬ ರೋಗಿಯ ಟಿ ಕಣಗಳನ್ನೇ ಹೊರತೆಗೆದು, ತಪ್ಪು ಮಾಡುವ ಬಿ ಕಣಗಳನ್ನು ನಾಶಮಾಡುವಂತೆ ತಿದ್ದಿ, ಜರ್ಮನಿಯ ಎರ್ಲಾಂಗೆನ್ ನಗರದ ವೈದ್ಯರು ಮತ್ತೆ ಮೈಗೆ ಸೇರಿಸಿದರು. ಆತನ ಸ್ನಾಯುಗಳೂ ಶ್ವಾಸಕೋಶವೂ ಸುಧಾರಿಸಿದುವೆಂದು 2023ರಲ್ಲಿ ವರದಿ ಪ್ರಕಟವಾಯಿತು.

ಈ ರೋಗ ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಕೆಲವರಿಗೆ ಮಾತ್ರ ಹೊಸದಾಗಿ ಬರುವಂಥದು. ಓದಿ ಯಾರೂ ಗಾಬರಿಯಾಗಬೇಕಿಲ್ಲ. ಊರು ಬಿಟ್ಟು ನಮ್ಮನ್ನು ನಂಬಿ ಬಂದ ಹಿರಿಯರು “ನನಗೇನಾಗಿದೆ, ಚೆನ್ನಾಗಿದ್ದೇನೆ” ಎಂದೇ ಹೇಳುತ್ತಾರೆ. ಮಕ್ಕಳಿಗೆ ರಜೆ ಹಾಕಿಸುವುದು ಅವರಿಗೆ ಸಂಕೋಚ. ಆದುದರಿಂದ ವಾರಕ್ಕೊಮ್ಮೆಯಾದರೂ ಲಿಫ್ಟು ಬಿಟ್ಟು, ಅವರೊಡನೆ ಒಂದು ಅಂತಸ್ತು ಮೆಟ್ಟಿಲು ಹತ್ತಿ ನೋಡಿರಿ.