ಅರಳು ಮರಳಲ್ಲ, ಉಪ್ಪು ಕಮ್ಮಿ

ಕಳೆದ ಮಳೆಗಾಲದ ಒಂದು ಬೆಳಗ್ಗೆ ಅಪ್ಪಯ್ಯ ಕೊಟ್ಟಿಗೆ ಬಾಗಿಲಲ್ಲಿ ನಿಂತು, ಕೆಂಪಿಯನ್ನ ಇನ್ನೂ ಯಾಕೆ ಮೇಯೋಕೆ ಬಿಟ್ಟಿಲ್ಲ ಅಂತ ಅಮ್ಮನಿಗೆ ಬೈದರು. ಕೆಂಪಿ ಸತ್ತು ಒಂಬತ್ತು ವರ್ಷ ಆಗಿದೆ. ಮಧ್ಯಾಹ್ನದ ಹೊತ್ತಿಗೆ ಅಮ್ಮನನ್ನೇ ತಮ್ಮ ತೀರಿಹೋದ ಅಕ್ಕನ ಹೆಸರಿಂದ ಕರೆಯೋಕೆ ಶುರು ಮಾಡಿದರು. ಪಕ್ಕದ ಮನೆಯವರು ಬಂದು ನೋಡಿ, "ಎಪ್ಪತ್ತೆರಡಾಯ್ತಲ್ಲ ಅತ್ತಿಗೆ, ಅರಳು ಮರಳು" ಅಂದರು. ಬೆಂಗಳೂರಲ್ಲಿ ಕೂತು ಫೋನಲ್ಲಿ ಇದನ್ನೆಲ್ಲ ಕೇಳಿಸಿಕೊಂಡ ನಾನು ಮೊದಲು ಮಾಡಿದ ಕೆಲಸ ಅಂದ್ರೆ ಡಿಮೆನ್ಶಿಯಾ ಅಂತ ಗೂಗಲ್ ಮಾಡಿದ್ದು.

ಊರ ಹತ್ತಿರದ ಪಿಎಚ್‌ಸಿಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟ್ರಮ್ಮ ಒಬ್ಬರಿದ್ದಾರೆ. ಅವರು ಮಾತ್ರ ಸರಿಯಾಗಿ ಹೇಳಿದರು: "ವಯಸ್ಸಿನ ಮರೆವು ಎರಡು ದಿನದಲ್ಲಿ ಹಿಂಗೆ ಬರಲ್ಲ. ಇದು ಬೇರೆ ಏನೋ. ಇವತ್ತೇ ಒಬ್ಬ ಫಿಜಿಶಿಯನ್‌ಗೆ ತೋರಿಸಿ." ಎಷ್ಟು ಸುಲಭದ ಮಾತು! ತಾಲ್ಲೂಕಾಸ್ಪತ್ರೆಗೆ ಹೋದರೆ ಫಿಜಿಶಿಯನ್ ಹುದ್ದೆ ಖಾಲಿ. ಪೇಟೆಯಲ್ಲಿ ಹುಡುಕಿದರೆ ಮೂಳೆ ಡಾಕ್ಟ್ರು ಇಬ್ಬರು, ಹೆರಿಗೆ ಡಾಕ್ಟ್ರು ಒಬ್ಬರು, ಮಕ್ಕಳ ಡಾಕ್ಟ್ರು ಒಬ್ಬರು, ಹಲ್ಲಿನ ಡಾಕ್ಟ್ರಂತೂ ಬೀದಿಗೊಬ್ಬರು. ಎಂಡಿ ಮೆಡಿಸಿನ್ ಮಾಡಿದವರು ಒಬ್ಬರೂ ಇಲ್ಲ. ಜಿಲ್ಲಾ ಕೇಂದ್ರದಿಂದ ಒಬ್ಬರು ಬಂದು ಮೆಡಿಕಲ್ ಶಾಪಿನ ಮೇಲಿನ ರೂಮಲ್ಲಿ ನೋಡ್ತಾರಂತೆ, ಗುರುವಾರ ಮಾತ್ರ. ಅವತ್ತು ಶುಕ್ರವಾರ.

ಕೊನೆಗೆ ಪೇಟೆಯ ಯಾವುದೋ ಕ್ಲಿನಿಕ್ಕಲ್ಲಿ "ಸುಸ್ತಾಗಿದಾರೆ" ಅಂತ ಒಂದು ಬಾಟ್ಲಿ ಗ್ಲೂಕೋಸ್ ಏರಿಸಿ ಮನೆಗೆ ಕಳಿಸಿದರು. ರಾತ್ರಿ ಅಪ್ಪಯ್ಯನಿಗೆ ಫಿಟ್ಸ್ ಬಂತು. ಘಾಟಿ ಮಳೆಯಲ್ಲಿ ಎಪ್ಪತ್ತೈದು ಕಿಲೋಮೀಟರ್ ಆಂಬ್ಯುಲೆನ್ಸ್, ದೊಡ್ಡಾಸ್ಪತ್ರೆ, ತಲೆ ಸ್ಕ್ಯಾನ್. ಸ್ಕ್ಯಾನಲ್ಲಿ ಏನೂ ಇಲ್ಲ. ಬೆಳಗಿನ ಜಾವ ಡ್ಯೂಟಿಗೆ ಬಂದ ಫಿಜಿಶಿಯನ್ ಒಬ್ಬರು ಕೇಳಿದ್ದು ಒಂದೇ ಪ್ರಶ್ನೆ: "ಯಾವ್ಯಾವ ಮಾತ್ರೆ ತಗೊಳ್ತಾರೆ? ಕವರ್ ಸಮೇತ ತೋರ್ಸಿ."

ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚು ಮಾಡುವ ಔಷಧಿಯೂ ಸೇರಿತ್ತು. ಅಂಥ ಔಷಧಿ ಮೂತ್ರದ ಜೊತೆ ಸೋಡಿಯಂ ಅನ್ನೂ ಹೊರಗೆ ಹಾಕುತ್ತೆ. ವಯಸ್ಸಾದವರಲ್ಲಿ ಈ ಅಪಾಯ ಜಾಸ್ತಿ. ಸಾಲದ್ದಕ್ಕೆ "ಬಿಪಿ ಇದೆ, ಉಪ್ಪು ಬಿಡಿ" ಅಂತ ಯಾರೋ ಹೇಳಿದ್ದಕ್ಕೆ ಅಪ್ಪಯ್ಯ ಉಪ್ಪನ್ನ ಪೂರ್ತಿ ಬಿಟ್ಟಿದ್ದರು. ಅದರ ಮೇಲೆ ಎರಡು ದಿನ ವಾಂತಿ. ರಕ್ತದಲ್ಲಿ 135ಕ್ಕಿಂತ ಮೇಲಿರಬೇಕಾದ ಸೋಡಿಯಂ 114ಕ್ಕೆ ಇಳಿದಿತ್ತು. ಸೋಡಿಯಂ ಇಷ್ಟು ಇಳಿದರೆ ಮಿದುಳು ಊದಿಕೊಳ್ಳುತ್ತೆ, ಮನುಷ್ಯ ಗೊಂದಲಕ್ಕೆ ಬೀಳ್ತಾನೆ. ಆಗ ಗ್ಲೂಕೋಸ್ ನೀರು ಏರಿಸಿದರೆ ಇದ್ದ ಉಪ್ಪೂ ತೆಳ್ಳಗಾಗುತ್ತೆ. ಹಾಗಂತ ಗಾಬರಿಯಾಗಿ ಒಂದೇ ಸಲ ಉಪ್ಪು ಏರಿಸೋ ಹಾಗೂ ಇಲ್ಲ. ಬೇಗ ಏರಿದರೆ ಮಿದುಳಿಗೆ ಶಾಶ್ವತ ಪೆಟ್ಟು ಬೀಳಬಹುದು. ಗಂಟೆಗಟ್ಟಲೆ ಲೆಕ್ಕ ಹಾಕುತ್ತಾ, ಮತ್ತೆ ಮತ್ತೆ ರಕ್ತ ತೆಗೆದು ನೋಡುತ್ತಾ ಸರಿ ಮಾಡಬೇಕು. ನಾಲ್ಕನೇ ದಿನ ಅಪ್ಪಯ್ಯ ಕಣ್ಣುಬಿಟ್ಟು, "ಅಡಿಕೆಗೆ ಔಷಧಿ ಹೊಡ್ಸಿದ್ರಾ?" ಅಂತ ಕೇಳಿದರು. ಅರಳೂ ಇಲ್ಲ, ಮರಳೂ ಇಲ್ಲ.

ಇದು ಅಪರೂಪದ ಕಾಯಿಲೆ ಅಲ್ಲ, ಇದಕ್ಕೆ ಆಪರೇಷನ್ನೂ ಬೇಡ. ಬೇಕಿದ್ದದ್ದು ಒಂದು ರಕ್ತ ಪರೀಕ್ಷೆ ಮತ್ತು ಅದನ್ನ ಮಾಡಿಸಬೇಕು ಅಂತ ಹೊಳೆಯುವ, ಬಂದ ರಿಪೋರ್ಟನ್ನ ಹಿಡಿದು ನಾಲ್ಕು ದಿನ ಪಕ್ಕದಲ್ಲಿರುವ ಒಬ್ಬ ಡಾಕ್ಟ್ರು. ಅವರು ನಮ್ಮ ತಾಲ್ಲೂಕಲ್ಲಿ ಇರಲಿಲ್ಲ.

ನಗರದಲ್ಲಿರೋ ನಮಗೆ ಫಿಜಿಶಿಯನ್ ಅಂದ್ರೆ ಯಾರು ಅನ್ನೋದೇ ಮರೆತುಹೋಗಿದೆ. ಎದೆ ಹಿಡಿದರೆ ಕಾರ್ಡಿಯಾಲಜಿ, ಹೊಟ್ಟೆ ಉರಿದರೆ ಗ್ಯಾಸ್ಟ್ರೋ, ಕೈ ಜೋಮು ಹಿಡಿದರೆ ನ್ಯೂರೋ. ಅಂಗಕ್ಕೊಬ್ಬ ಡಾಕ್ಟ್ರನ್ನ ನಾವೇ ಆ್ಯಪಲ್ಲಿ ಬುಕ್ ಮಾಡ್ಕೋತೀವಿ. ಹಳ್ಳಿಯ ಅರವತ್ತು ದಾಟಿದ ಹೆಂಗಸಿಗೆ ಶುಗರ್, ಬಿಪಿ, ಥೈರಾಯ್ಡ್, ಮಂಡಿನೋವು ನಾಲ್ಕೂ ಒಟ್ಟಿಗೇ ಇರ್ತವೆ. ನಾಲ್ಕು ಕಡೆಯ ಚೀಟಿಗಳನ್ನ ಒಂದೇ ಮೇಜಿನ ಮೇಲೆ ಹರಡಿ, "ಈ ನೋವಿನ ಮಾತ್ರೆ ನಿಲ್ಸಿ, ಕಿಡ್ನಿಗೆ ಹೊಡೀತಿದೆ, ಇವೆರಡೂ ಒಂದೇ ಔಷಧಿ, ಕಂಪನಿ ಮಾತ್ರ ಬೇರೆ" ಅಂತ ಹೇಳೋರು ಫಿಜಿಶಿಯನ್. ಹಾವು ಕಚ್ಚಿದವನನ್ನ, ಇಲಿಜ್ವರದವನನ್ನ, ವಿಷ ಕುಡಿದವನನ್ನ ಉಳಿಸೋರೂ ಅವರೇ. ಮಂಗನ ಕಾಯಿಲೆ 1957ರಲ್ಲಿ ಪತ್ತೆಯಾಗಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ. ಇಂಥ ಕಾಯಿಲೆಗಳೆಲ್ಲ ಇರೋದು ಹಳ್ಳಿಯಲ್ಲಿ, ಅವನ್ನ ಓದಿಕೊಂಡವರು ಮಾತ್ರ ಪಟ್ಟಣದಲ್ಲಿ.

ಕಾಗದದ ಮೇಲೆ ಎಲ್ಲ ಸರಿಯಾಗೇ ಇದೆ. ಸರ್ಕಾರದ ಮಾನದಂಡದ ಪ್ರಕಾರ 1,20,000 ಜನಕ್ಕೆ, ಗುಡ್ಡಗಾಡಾದರೆ 80,000 ಜನಕ್ಕೆ ಒಂದು ಸಮುದಾಯ ಆರೋಗ್ಯ ಕೇಂದ್ರ ಇರಬೇಕು, ಅದರಲ್ಲಿ ಒಬ್ಬ ಫಿಜಿಶಿಯನ್ ಇರಲೇಬೇಕು. ಕೇಂದ್ರ ಆರೋಗ್ಯ ಸಚಿವಾಲಯದ್ದೇ 2021-22ರ ಗ್ರಾಮೀಣ ಆರೋಗ್ಯ ಅಂಕಿಅಂಶ ನೋಡಿ: ಇಡೀ ದೇಶದಲ್ಲಿ ಇಂಥ ಕೇಂದ್ರಗಳಿಗೆ ಬೇಕಾದ ಫಿಜಿಶಿಯನ್ನರಲ್ಲಿ ಶೇ. 79ರಷ್ಟು ಕೊರತೆ. ಐದು ಕುರ್ಚಿ ಹಾಕಿದರೆ ನಾಲ್ಕು ಖಾಲಿ.

ಇದನ್ನ ಆಫೀಸಿನ ಕ್ಯಾಂಟೀನಲ್ಲಿ ಹೇಳಿದರೆ ಮೂರು ಉತ್ತರ ಬರ್ತವೆ. ಮೂರೂ ತಪ್ಪು.

ಮೊದಲನೇದು: "ಈಗಿನ ಡಾಕ್ಟ್ರುಗಳಿಗೆ ದುಡ್ಡೇ ಮುಖ್ಯ, ಹಳ್ಳಿಗೆ ಹೋಗಲ್ಲ." ಸ್ವಾಮಿ, ವಾರಕ್ಕೆ ಮೂರು ದಿನ ಆಫೀಸಿಗೆ ಬನ್ನಿ ಅಂತ ಮೇಲ್ ಬಂದರೆ ಹೊಸ ಕೆಲಸ ಹುಡುಕೋರು ನಾವು. ನಾವು ಬಿಟ್ಟು ಬಂದ ಊರಿಗೆ ಇನ್ನೊಬ್ಬರ ಮಗ ಹೋಗಿ ತ್ಯಾಗ ಮಾಡಬೇಕು ಅನ್ನೋಕೆ ಯಾವ ಮುಖ ಇದೆ? ಆ ಡಾಕ್ಟ್ರ ಕಡೆಯಿಂದ ನೋಡಿ. ಎಂಬಿಬಿಎಸ್‌ಗೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಎಂಡಿಗೆ ಮೂರು ವರ್ಷ. ತಾಲ್ಲೂಕಿಗೆ ಹೋದರೆ ಅಲ್ಲಿ ಅವರೊಬ್ಬರೇ. ಹಗಲು ಓಪಿಡಿ, ರಾತ್ರಿ ವಿಷ ಕುಡಿದ ಕೇಸು, ಮರುದಿನ ಮತ್ತೆ ಓಪಿಡಿ. ರಜೆ ಹಾಕಿದರೆ ನೋಡ್ಕೊಳ್ಳೋರಿಲ್ಲ. ರಾತ್ರಿ ಸೋಡಿಯಂ ನೋಡೋಣ ಅಂದ್ರೆ ಲ್ಯಾಬಿಗೆ ಬೀಗ. ರೋಗಿ ಸತ್ತರೆ ಮೂವತ್ತು ಜನ ಬಂದು ಕಾಲರ್ ಹಿಡೀತಾರೆ. ಇಂಥ ಕಡೆ ಒಬ್ಬನೇ ಹತ್ತು ವರ್ಷ ಉಳಿದರೆ ಅದು ಪವಾಡ. ಪವಾಡವನ್ನ ನಂಬಿಕೊಂಡು ಆಸ್ಪತ್ರೆ ನಡೆಸೋಕಾಗಲ್ಲ.

ಪವಾಡಗಳು ಇಲ್ಲ ಅಂತಲ್ಲ. ಕೊಂಕಣದ ಮಹಾಡ್‌ನಲ್ಲಿ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಇದ್ದಾರೆ. ಹಳ್ಳಿಯ ಪಿಎಚ್‌ಸಿಯಲ್ಲಿದ್ದಾಗ ಕೆಂಪು ಚೇಳು ಕಚ್ಚಿದ ಮಕ್ಕಳು ಸಾಯೋದನ್ನ ನೋಡಿದರು, ಎಂಡಿ ಮುಗಿಸಿ ಅದೇ ಸೀಮೆಗೆ ವಾಪಸ್ ಬಂದರು. ಬಿಪಿಗೆ ಕೊಡುವ ಪ್ರಾಜೋಸಿನ್ ಅನ್ನೋ ಮಾತ್ರೆಯಿಂದ ಆ ಸಾವನ್ನ ತಡೆಯಬಹುದು ಅಂತ ತೋರಿಸಿಕೊಟ್ಟರು. ಅವರ ಬರಹಗಳು ಲ್ಯಾನ್ಸೆಟ್‌ನಲ್ಲಿ ಬಂದವು, 2022ರಲ್ಲಿ ಪದ್ಮಶ್ರೀಯೂ ಬಂತು. ಹಳ್ಳಿಯಲ್ಲಿ ಒಬ್ಬ ಒಳ್ಳೆ ಫಿಜಿಶಿಯನ್ ಕೂತರೆ ಏನಾಗಬಹುದು ಅನ್ನೋದಕ್ಕೆ ಅವರು ಸಾಕ್ಷಿ. ಆದರೆ ಇಂಥವರ ವಿಡಿಯೋ ಶೇರ್ ಮಾಡಿ ಕಣ್ಣೀರಿನ ಇಮೋಜಿ ಹಾಕೋದು, ಖಾಲಿ ಹುದ್ದೆ ಬಗ್ಗೆ ಬಾಯಿ ಮುಚ್ಚಿಕೊಂಡಿರೋದು, ಎರಡೂ ಒಟ್ಟಿಗೆ ಸರಿಹೋಗಲ್ಲ.

ಎರಡನೇದು: "ಬಾಂಡ್ ಹಾಕಿ ಕಡ್ಡಾಯ ಮಾಡ್ಬೇಕು ಸಾರ್." ಕಾನೂನು ಮಾಡಿಯೂ ಆಯ್ತು. ವೈದ್ಯಕೀಯ ಓದು ಮುಗಿಸಿದವರು ಒಂದು ವರ್ಷ ಕಡ್ಡಾಯ ಸೇವೆ ಮಾಡಬೇಕು ಅಂತ ಕರ್ನಾಟಕ 2012ರಲ್ಲೇ ಕಾಯ್ದೆ ತಂದಿದೆ. ಇಲ್ಲದೇ ಇರೋದಕ್ಕಿಂತ ಒಂದು ವರ್ಷ ಮೇಲು, ಒಪ್ಪಿದೆ. ಆದರೆ ಶುಗರ್ ಒಂದು ವರ್ಷದ ಕಾಯಿಲೆಯಾ? ಹೊಸಬರು ಬಂದು, ಊರಿನ ಮಾತು ಅರ್ಥವಾಗಿ, ಯಾರ ಮನೆಯಲ್ಲಿ ಯಾರು ಮಾತ್ರೆ ಬಿಡ್ತಾರೆ ಅಂತ ಗೊತ್ತಾಗೋ ಹೊತ್ತಿಗೆ ಅವರ ವರ್ಷ ಮುಗಿದಿರುತ್ತೆ. ಮತ್ತೊಬ್ಬರು ಬಂದು ಮೊದಲಿಂದ ಶುರು. ಫಿಜಿಶಿಯನ್ ಕೆಲಸದ ಅರ್ಧ ಜೀವ ಇರೋದು ಅದೇ ರೋಗಿಯನ್ನ ಅದೇ ಡಾಕ್ಟ್ರು ಮತ್ತೆ ಮತ್ತೆ ನೋಡೋದರಲ್ಲಿ.

ಮೂರನೇದು ನಮ್ಮ ಐಟಿ ಜನರ ಮುದ್ದಿನ ಉತ್ತರ: "ಟೆಲಿಮೆಡಿಸಿನ್ ಇದೆಯಲ್ಲ." ಇದೆ, ಬೇಕು ಕೂಡ. ಆದರೆ ಅದು ಎಲ್ಲಿ ಕೆಲಸ ಮಾಡುತ್ತೆ ನೋಡಿ. 2023ರಲ್ಲಿ ಸರ್ಕಾರ ಪುನೀತ್ ರಾಜ್‌ಕುಮಾರ್ ಹೆಸರಲ್ಲಿ ಹೃದಯ ಜ್ಯೋತಿ ಯೋಜನೆ ತಂತು. ತಾಲ್ಲೂಕಾಸ್ಪತ್ರೆಯಲ್ಲಿ ಇಸಿಜಿ ತೆಗೀತಾರೆ, ದೂರದ ಹೃದ್ರೋಗ ತಜ್ಞರು ನೋಡ್ತಾರೆ, ಹೆಪ್ಪುಗಟ್ಟಿದ ರಕ್ತ ಕರಗಿಸೋ ದುಬಾರಿ ಇಂಜೆಕ್ಷನ್ನನ್ನ ಅಲ್ಲೇ ಕೊಡ್ತಾರೆ. ಒಳ್ಳೆ ಯೋಜನೆ. ಅದರ ಬಲ ಸ್ಕ್ರೀನಲ್ಲಿಲ್ಲ. ಈ ತುದಿಯಲ್ಲಿ ಇಸಿಜಿ, ಇಂಜೆಕ್ಷನ್ನು, ಕೊಡೋ ಕೈ ಮೂರೂ ಇರೋದರಲ್ಲಿದೆ. ಅಪ್ಪಯ್ಯನ ಕೇಸಲ್ಲಿ ವಿಡಿಯೋ ಕಾಲ್ ಮಾಡಿ ದೇಶದ ದೊಡ್ಡ ತಜ್ಞರನ್ನೇ ಕರೆಸಿದ್ದರೂ ಅವರು ಕೇಳ್ತಿದ್ದಿದ್ದು, "ಸೋಡಿಯಂ ಎಷ್ಟಿದೆ?" ಅಂತಲೇ. ಅದನ್ನ ನೋಡಿ ಹೇಳೋರು ಬೇಕಲ್ಲ?

ಇನ್ನೂ ಒಂದು ಕಹಿ ವಿಷಯ. ನಮ್ಮ ವ್ಯವಸ್ಥೆಯಲ್ಲಿ ದುಡ್ಡು ಹರಿಯೋದು ಮನುಷ್ಯ ಹಾಸಿಗೆ ಹಿಡಿದ ಮೇಲೆ. 2003ರಲ್ಲಿ ಶುರುವಾದ ಯಶಸ್ವಿನಿ ರೈತರಿಗೆ ಕೊಟ್ಟಿದ್ದು ಶಸ್ತ್ರಚಿಕಿತ್ಸೆ. ಆಯುಷ್ಮಾನ್ ಭಾರತ್ ಬಡ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಕೊಡೋದು ದಾಖಲಾದ ಮೇಲೆ. ನಾವು ಅಪ್ಪ-ಅಮ್ಮನಿಗೆ ಮಾಡಿಸೋ ಕಂಪನಿ ಇನ್ಶೂರೆನ್ಸೂ ಬಹುಪಾಲು ಅಷ್ಟೇ. ಇವೆಲ್ಲ ಬೇಕು, ಎಷ್ಟೋ ಜನರ ಜೀವ ಉಳಿಸಿವೆ. ಆದರೆ ಅಪ್ಪಯ್ಯನ ಐಸಿಯು ಬಿಲ್ಲನ್ನ ಮರುಮಾತಿಲ್ಲದೆ ಕಟ್ಟಿದ ಪಾಲಿಸಿ, ಆ ಐಸಿಯುವನ್ನೇ ತಪ್ಪಿಸಬಹುದಾಗಿದ್ದ ರಕ್ತ ಪರೀಕ್ಷೆಗೂ ಫಿಜಿಶಿಯನ್ ಫೀಸಿಗೂ ಒಂದು ರೂಪಾಯಿ ಕೊಡಲ್ಲ. ಸ್ಟೆಂಟ್ ಹಾಕಿದರೆ ಪ್ಯಾಕೇಜ್ ಇದೆ. ಸ್ಟೆಂಟ್ ಬೇಡದ ಹಾಗೆ ಇಪ್ಪತ್ತು ವರ್ಷ ಬಿಪಿ ಹಿಡಿದಿಟ್ಟವರಿಗೆ ಪ್ಯಾಕೇಜ್ ಇಲ್ಲ. ಎಂಡಿ ಮೆಡಿಸಿನ್ ಸೀಟಿಗೆ ಒಳ್ಳೊಳ್ಳೆ ರ‍್ಯಾಂಕಿನವರೇ ಮುಗಿಬೀಳ್ತಾರೆ, ಆಮೇಲೆ ಅವರಲ್ಲಿ ಅನೇಕರು ಕಾರ್ಡಿಯಾಲಜಿ, ಗ್ಯಾಸ್ಟ್ರೋ ಅಂತ ಮುಂದಿನ ಮೆಟ್ಟಿಲು ಹತ್ತುತ್ತಾರೆ. ಯಾಕೆ ಅನ್ನೋದು ಇದರಲ್ಲೇ ಇದೆ. ಮೆಡಿಕಲ್ ಕಾಲೇಜುಗಳ ಸಂಖ್ಯೆಯಲ್ಲಿ ದೇಶದ ಮುಂಚೂಣಿಯಲ್ಲಿರೋ ರಾಜ್ಯ ನಮ್ಮದು. ಕೆರೆ ತುಂಬಿದೆ, ಕಾಲುವೆ ಮಾತ್ರ ನಮ್ಮೂರ ಕಡೆ ತೋಡಿಲ್ಲ.

ಹಾಗಾದರೆ ಏನು ಕೇಳಬೇಕು? ತಾಲ್ಲೂಕಿಗೆ ಒಬ್ಬರಲ್ಲ, ಇಬ್ಬರು ಫಿಜಿಶಿಯನ್. ಒಬ್ಬರು ರಾತ್ರಿ ಎದ್ದಿದ್ದರೆ ಇನ್ನೊಬ್ಬರು ಮಲಗಲಿ. ಇಪ್ಪತ್ನಾಲ್ಕು ಗಂಟೆ ಸೋಡಿಯಂ, ಪೊಟ್ಯಾಸಿಯಂ, ಕ್ರಿಯೇಟಿನಿನ್ ನೋಡೋ ಲ್ಯಾಬ್. ಸೋರದ ಕ್ವಾರ್ಟರ್ಸ್. ಸಂಬಳ ಕಮ್ಮಿ ಅಂದರೆ "ನೀವು ಕೇಳಿ, ನಾವು ಕೊಡ್ತೀವಿ" ಅಂತ ಹೇಳೋ ಅವಕಾಶ ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲೇ ಇದೆ, ಅದನ್ನ ಬಳಸಲಿ. ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮ ಪಿಎಚ್‌ಸಿ ಡಾಕ್ಟ್ರಮ್ಮನಂಥವರು ಹಳ್ಳಿಯಲ್ಲಿ ದುಡಿದ ವರ್ಷಗಳಿಗೆ ಎಂಡಿ ಸೀಟಿನಲ್ಲಿ ಪಾಲು ಸಿಗಲಿ. ಸರ್ಕಾರಿ ಸೇವೆಯಲ್ಲಿರೋ ವೈದ್ಯರಿಗೆ ರಾಜ್ಯಗಳು ಹೀಗೆ ಸೀಟು ಮೀಸಲಿಡಬಹುದು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಊರು ಗೊತ್ತಿದ್ದವರೇ ಓದಿ ಊರಿಗೆ ಬಂದರೆ ಉಳಿಯೋ ಆಸೆಯಾದರೂ ಇರುತ್ತೆ.

ನಮ್ಮ ಲೇಔಟಿನ ರಸ್ತೆಗುಂಡಿ ಫೋಟೋ ತೆಗೆದು ಮಂತ್ರಿಗೆ ಟ್ಯಾಗ್ ಮಾಡೋಕೆ ನಮಗೆ ಬರುತ್ತೆ. ನಮ್ಮಲ್ಲಿ ಎಷ್ಟೋ ಜನರ ವೋಟು ಇನ್ನೂ ಊರಲ್ಲೇ ಇದೆ, ಎಲೆಕ್ಷನ್ನಿಗೆ ಬಸ್ಸು ಹತ್ತಿ ಹೋಗ್ತೀವಿ. ಆ ಎಂಎಲ್ಎಗೆ ಫಿಜಿಶಿಯನ್ ಯಾವಾಗ ಬರ್ತಾರೆ ಅಂತ ನಮ್ಮಲ್ಲಿ ಎಷ್ಟು ಜನ ಕೇಳಿದ್ದೀವಿ? ನಾನು ಕೇಳಿರಲಿಲ್ಲ. ಹತ್ತು ವರ್ಷ ದುಡ್ಡು ಕಳಿಸಿದೆ, ಬಿಪಿ ಮೆಷಿನ್ ಆರ್ಡರ್ ಮಾಡಿದೆ, ಪಾಲಿಸಿ ರಿನ್ಯೂ ಮಾಡಿದೆ. ಆ ಖಾಲಿ ಹುದ್ದೆ ಎಷ್ಟು ದಿನದಿಂದ ಖಾಲಿ ಅನ್ನೋದು ಅವತ್ತು ಶುಕ್ರವಾರದವರೆಗೂ ನನಗೆ ಗೊತ್ತಿರಲಿಲ್ಲ. ಆಮೇಲೆ ಆರ್‌ಟಿಐ ಹಾಕಿದ್ದೇನೆ.

ದೀಪಾವಳಿಗೆ ಊರಿಗೆ ಹೋಗ್ತೀರಲ್ಲ, ಒಂದರ್ಧ ಗಂಟೆ ಬಿಡುವು ಮಾಡಿಕೊಂಡು ತಾಲ್ಲೂಕಾಸ್ಪತ್ರೆಗೆ ಹೋಗಿ ಬನ್ನಿ. ಫಿಜಿಶಿಯನ್ ರೂಮು ಯಾವುದು ಅಂತ ಕೇಳಿ. ಬೀಗ ಹಾಕಿದ್ದರೆ ಎಷ್ಟು ದಿನದಿಂದ ಅಂತ ಬರೆದುಕೊಂಡು ಬನ್ನಿ. ಅಪ್ಪಯ್ಯ ಈಗ ಮೂರು ತಿಂಗಳಿಗೊಮ್ಮೆ ರಕ್ತ ಕೊಟ್ಟು, ಗುರುವಾರದ ಡಾಕ್ಟ್ರಿಗಾಗಿ ಮೆಡಿಕಲ್ ಶಾಪಿನ ಮೆಟ್ಟಿಲ ಮೇಲೆ ಕಾಯ್ತಾರೆ. ಹೋದ ಸಲ ಅವರ ಟೋಕನ್ ನಂಬರ್ ನಲವತ್ತೊಂದು. ಅವರ ಹಿಂದೆ ಇನ್ನೂ ಜನ ಇದ್ದರಂತೆ.