ತರಗೆಲೆಗೆ ಬೆಂಕಿ ಬೇಡ

ಕುಂಭ ಮಾಸ ಬಂತೆಂದರೆ ನಮ್ಮ ಕಾಸರಗೋಡಿನ ತೋಟಗಳ ಮೂಲೆಯಲ್ಲಿ ಹೊಗೆ ಏಳುತ್ತದೆ. ಅಡಿಕೆ ಸೋಗೆ, ತೆಂಗಿನ ಮಡಲು, ಗುಡ್ಡದ ತರಗೆಲೆ ಎಲ್ಲವನ್ನೂ ಗುಡಿಸಿ ಕಡ್ಡಿ ಗೀರಿದರೆ ಕೆಲಸ ಮುಗಿಯಿತು. ಆಳು ಸಿಗದ ಕಾಲದಲ್ಲಿ ಹಾಗೆ ಮಾಡುವ ಕೃಷಿಕರನ್ನು ದೂರಲು ನಮಗೆ ಮನಸ್ಸಿಲ್ಲ. ಆದರೂ ಆ ಬೆಂಕಿಯಲ್ಲಿ ಸುಡುವುದು ಎಲೆ ಮಾತ್ರವಲ್ಲವೆಂದು ಹೇಳಲೇಬೇಕಾಗಿದೆ.

ಒದ್ದೆ ತರಗೆಲೆಯ ಅಡಿಯ ಒಂದು ಹಿಡಿಯನ್ನು ಬಿಳಿ ಕಾಗದದ ಮೇಲೆ ಕೊಡವಿ ನೋಡಿರಿ. ಸಾಸಿವೆಗಿಂತ ಎಷ್ಟೋ ಕಿರಿದಾದ ಕಂದು ಚುಕ್ಕೆಗಳು ಮೆಲ್ಲನೆ ಹರಿದಾಡುತ್ತವೆ. ಇವೇ ಮಣ್ಣಿನ ನುಸಿಗಳು. ಎಂಟು ಕಾಲು, ಜೇಡನ ಬಳಗ. ನುಸಿ ಎಂದೊಡನೆ 1998ರಲ್ಲಿ ಕೇರಳದ ತೆಂಗಿಗೆ ತಗಲಿದ ಪೀಡೆಯನ್ನು ನೆನೆದು ಬೆಚ್ಚಬೇಡಿ. ಅದು ಎಳೆಗಾಯಿಯ ರಸ ಹೀರುವ ಬೇರೆಯೇ ಜಾತಿ. ಗಟ್ಟಿ ಚಿಪ್ಪಿನ ಈ ಒರಿಬಾಟಿಡ್ ನುಸಿಗಳಿಗೆ ಸತ್ತ ಎಲೆ ಮತ್ತು ಅದರ ಮೇಲಿನ ಬೂಷ್ಟೇ ಆಹಾರ. ಎಲೆಯನ್ನು ಅರೆದು ಇವು ಹಾಕುವ ಹಿಕ್ಕೆಯ ಮೇಲೆ ಸೂಕ್ಷ್ಮಜೀವಿಗಳು ಬೆಳೆದು ಅದನ್ನು ಗೊಬ್ಬರವಾಗಿಸುತ್ತವೆ. ಜಂತುಹುಳುಗಳನ್ನು ಹಿಡಿದು ತಿನ್ನುವ ನುಸಿಗಳೂ ಅಲ್ಲೇ ಇವೆ.

ಸೂಕ್ಷ್ಮಜೀವಿಗಳಷ್ಟೇ ಸಾಲದೇ ಎಂದು ಕೇಳಬಹುದು. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಎಡ್ವರ್ಡ್ಸ್ ಮತ್ತು ಹೀತ್ ಎಂಬವರು ಎಲೆಯ ಬಿಲ್ಲೆಗಳನ್ನು ನೈಲಾನ್ ಚೀಲಗಳಲ್ಲಿ ತುಂಬಿ ಮಣ್ಣಿನಲ್ಲಿ ಹೂತರು. 1963ರಲ್ಲಿ ಅದರ ಫಲ ಪ್ರಕಟವಾಯಿತು. ಸೂಕ್ಷ್ಮಜೀವಿಗಳು ಮಾತ್ರ ನುಸುಳಬಲ್ಲ ಚೀಲದ ಎಲೆ ಒಂಬತ್ತು ತಿಂಗಳಾದರೂ ಕಣ್ಣಿಗೆ ಕಾಣುವಷ್ಟು ಸವೆದಿರಲಿಲ್ಲ. ಅರ್ಧ ಮಿಲಿಮೀಟರ್ ಕಣ್ಣಿನ ಚೀಲದೊಳಗೆ ನುಸಿಯಂಥ ಕಿರುಜೀವಿಗಳು ಹೊಕ್ಕು ಎಲೆಯನ್ನು ತಿಂದಿದ್ದವು. ಎರೆಹುಳು ಹೊಕ್ಕಲ್ಲಿ ಕೆಲಸ ಇನ್ನೂ ಬೇಗ ಸಾಗಿತ್ತು.

ನಮ್ಮ ಚಿಂತೆಗೆ ಮುಖ್ಯ ಕಾರಣವೊಂದಿದೆ. ಗಿಡದ ಹೇನಿನಂತೆ ಒರಿಬಾಟಿಡ್ ನುಸಿ ಬೇಗ ಹೆಚ್ಚುವುದಿಲ್ಲ. ಇಡುವ ಮೊಟ್ಟೆ ಕಡಿಮೆ. ಮರಿ ಬೆಳೆದು ದೊಡ್ಡದಾಗಲು ಹಲವು ಜಾತಿಗಳಿಗೆ ತಿಂಗಳುಗಟ್ಟಲೆ ಬೇಕು. ವರ್ಷ ವರ್ಷವೂ ಬೆಂಕಿ ಹಾಕಿದರೆ ಇವು ಚೇತರಿಸಿಕೊಳ್ಳುವುದು ಯಾವಾಗ? ಗೊಬ್ಬರ ಮಾಡುವ ಜೀವಿಗಳನ್ನು ಸುಟ್ಟು, ಆಮೇಲೆ ಗೊಬ್ಬರದ ಚೀಲಕ್ಕೆ ಸಾಲ ಮಾಡುವುದು ಯಾವ ಲೆಕ್ಕ?

ಕೊಳೆರೋಗ ತಗಲಿದ ಕಾಯಿಗಳನ್ನು ಸುಡಿ, ಬೇಡವೆನ್ನೆವು. ತರಗೆಲೆ ಬಿಟ್ಟರೆ ಕುರುವಾಯಿ ದುಂಬಿ ಬರುತ್ತದೆಂಬ ಆಕ್ಷೇಪವಿದೆ. ಅದು ಮೊಟ್ಟೆಯಿಡುವುದು ಕೊಳೆತ ರಾಶಿಯಲ್ಲಿ, ಗೊಬ್ಬರದ ಗುಂಡಿಯಲ್ಲಿ. ಆದುದರಿಂದ ರಾಶಿ ಹಾಕದೆ ಸೋಗೆಯನ್ನು ಕಡಿದು ಬುಡದ ಸುತ್ತ ತೆಳ್ಳಗೆ ಹರಡಿರಿ. ಇಡೀ ತೋಟಕ್ಕೆ ಆಗದಿದ್ದರೆ ಈ ವರ್ಷ ಎರಡು ಸಾಲು ಮರಗಳಿಗಾದರೂ ಆಗಲಿ.