ಕೆಂಪಾದ ಮುಖಕ್ಕೆ ಯಾರೋ ಹೇಳಿದ ಟ್ಯೂಬ್ ಬೇಡ

ಮಗಳ ಮುಖದಲ್ಲಿ ಮೊಡವೆ ಎದ್ದು ಕೆಂಪಾದರೆ ನಮ್ಮ ಅನೇಕ ಮನೆಗಳಲ್ಲಿ ಮೊದಲು ನೆನಪಾಗುವುದು ವೈದ್ಯರಲ್ಲ, ಮೆಡಿಕಲ್ ಶಾಪ್. ಮದುವೆಯ ಮಾತುಕತೆ ನಡೆದಿದ್ದರಂತೂ ಆತುರ ಇನ್ನೂ ಹೆಚ್ಚು. ಯಾರೋ ಹೇಳಿದ ಟ್ಯೂಬ್ ತಂದು ಹಚ್ಚಿದರೆ ಕೆಲವೇ ದಿನಗಳಲ್ಲಿ ಕೆಂಪು ಇಳಿಯುತ್ತದೆ, ಬಣ್ಣವೂ ತಿಳಿಯಾದಂತೆ ಕಾಣುತ್ತದೆ. ಮೋಸ ಹೋಗುವುದು ಇಲ್ಲೇ.

ಇಂಥ ಅನೇಕ ಟ್ಯೂಬ್‌ಗಳಲ್ಲಿ ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್‌ನಂಥ ಸ್ಟೀರಾಯ್ಡ್ ಇರುತ್ತದೆ. ಇಸುಬಿನಂಥ ರೋಗಕ್ಕೆ ವೈದ್ಯರು ಹೇಳಿದಷ್ಟು ದಿನ ಬಳಸಿದರೆ ಅದು ಒಳ್ಳೆಯ ಔಷಧವೇ. ಆದರೆ ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಸಣ್ಣ ರಕ್ತನಾಳಗಳು ಎದ್ದು ಕಾಣುತ್ತವೆ, ಬೇಡದ ಕೂದಲು ಬೆಳೆಯುತ್ತದೆ, ಮೊಡವೆಯೂ ಹೆಚ್ಚುತ್ತದೆ. ನಿಲ್ಲಿಸಿದರೆ ಉರಿ, ಕೆಂಪು ಮೊದಲಿಗಿಂತ ಜೋರು. ಆಗ ಮತ್ತೆ ಅದೇ ಟ್ಯೂಬ್.

2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಕ್ರೀಮ್‌ಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಅಂದರೆ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೆ ಚೀಟಿ ಇಲ್ಲದೆ ಕೇಳುವವರು ಇರುವ ತನಕ ಕೊಡುವವರೂ ಇರುತ್ತಾರೆ. ಲಕ್ಷ್ಮೀಪುರಂನವರಿಗೆ ಕೆ.ಆರ್. ಆಸ್ಪತ್ರೆ ದೂರವೇನಲ್ಲ. ಅಲ್ಲಿನ ಚರ್ಮರೋಗ ವಿಭಾಗಕ್ಕೆ ಹೋಗಲು ಸಂಕೋಚವೇಕೆ? ಈಗಾಗಲೇ ಬಹುಕಾಲದಿಂದ ಹಚ್ಚುತ್ತಿರುವವರು ಆ ಟ್ಯೂಬನ್ನೇ ಕೈಯಲ್ಲಿ ಹಿಡಿದು ಹೋಗಲಿ. ಹೇಗೆ ಬಿಡಬೇಕೆಂದು ವೈದ್ಯರೇ ಹೇಳುತ್ತಾರೆ.

ಮನೆಯಲ್ಲಿ ಮಾಡಬಹುದಾದದ್ದು ಸರಳ. ತಣ್ಣೀರಲ್ಲಿ ಅದ್ದಿದ ಶುಭ್ರ ಬಟ್ಟೆಯನ್ನು ಐದು-ಹತ್ತು ನಿಮಿಷ ಮುಖದ ಮೇಲಿಡಿ. ಸೌಮ್ಯವಾದ ಫೇಸ್‌ವಾಶ್ ದಿನಕ್ಕೆ ಎರಡೇ ಸಲ ಸಾಕು. ವುಝೂಗೆ ಬರೀ ನೀರು ಸಾಕು; ಆಮೇಲೆ ಟವೆಲ್‌ನಿಂದ ಉಜ್ಜದೆ ಒತ್ತಿ ಒರೆಸಿ, ಚರ್ಮ ಒಣಗಿದರೆ ಎಣ್ಣೆಯಂಶವಿಲ್ಲದ ಮಾಯಿಶ್ಚರೈಸರ್ ಹಚ್ಚಿ. ನಿಖಾಬ್ ಧರಿಸುವವರು ಬೆವರು ಹೀರುವ ಹತ್ತಿಯದನ್ನು ಆರಿಸಿ ದಿನವೂ ಒಗೆಯಲಿ. ನಿಂಬೆರಸ, ಟೂತ್‌ಪೇಸ್ಟ್, ಅಡುಗೆ ಸೋಡಾ ಮುಖಕ್ಕೆ ಬೇಡವೇ ಬೇಡ. ಮೊಡವೆ ಚಿವುಟಬೇಡಿ, ಕಲೆ ಉಳಿಯುತ್ತದೆ.

ಸರಿಯಾದ ಚಿಕಿತ್ಸೆಗೂ ಆರರಿಂದ ಎಂಟು ವಾರ ಹಿಡಿಯಬಹುದು. ಆ ತಾಳ್ಮೆ ಮಕ್ಕಳಿಗಿಂತ ಹಿರಿಯರಿಗೆ ಬೇಕು. "ಮುಖಕ್ಕೇನಾಯಿತು?" ಎಂದು ಬಂದವರೆಲ್ಲ ಕೇಳುವುದು ನಿಂತರೆ, ಎಷ್ಟೋ ಹುಡುಗಿಯರು ಆ ಟ್ಯೂಬಿನ ತಂಟೆಗೇ ಹೋಗುವುದಿಲ್ಲ.